ಒಡೆಯದ ಸಂಖ್ಯೆ

ವಿಳಾಸದ ಕೊನೆಯಲ್ಲಿ ಬರೆಯುವ ಆರು ಅಂಕಿಗಳತ್ತ ನಾವು ಹೆಚ್ಚು ಗಮನ ಕೊಡುವುದಿಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪಿನ್‌ಕೋಡುಗಳು ಅಂಚೆಯವರಿಗೆ ಊರಿನ ಗುರುತು. ನನಗಾದರೋ ಬಿಡುವಿನ ವೇಳೆಯ ಸಂಗಾತಿಗಳು. ಸಂಖ್ಯೆಯೊಂದು ಕಣ್ಣಿಗೆ ಬಿದ್ದರೆ ಅದು ಒಡೆಯುವುದೋ ಇಲ್ಲವೋ ಎಂದು ಭಾಗಿಸಿ ನೋಡುವುದು ನನ್ನ ಹವ್ಯಾಸ. ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಪೂರ್ಣಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ ಎಂಬುದನ್ನು ನೀವು ಬಲ್ಲಿರಿ.

ಹಾಸನ ಜಿಲ್ಲೆಯ ಊರುಗಳನ್ನೇ ನೋಡೋಣ. ಅರಕಲಗೂಡಿನ 573102 ಮತ್ತು ಚನ್ನರಾಯಪಟ್ಟಣದ 573116 ಸಮಸಂಖ್ಯೆಗಳು, ಎರಡರಿಂದಲೇ ಒಡೆಯುತ್ತವೆ. ಹಾಸನದ 573201ರ ಅಂಕಿಗಳ ಮೊತ್ತ 18. ಆದಕಾರಣ ಅದು ಒಂಬತ್ತರಿಂದ ಭಾಗವಾಗುತ್ತದೆ. ಹೊಳೆನರಸೀಪುರದ 573211 ಇಷ್ಟು ಸುಲಭವಾಗಿ ಮಣಿಯುವುದಿಲ್ಲ. 3, 5, 7, 11, 13, 17 ಇವುಗಳಿಂದ ಭಾಗಿಸಿದಾಗಲೆಲ್ಲ ಶೇಷ ಉಳಿಯುತ್ತದೆ. ಕೊನೆಗೆ 19ರ ಮುಂದೆ ಅದು ಸೋಲುತ್ತದೆ: 19 × 30169. ಅರಸೀಕೆರೆಯ 573103 ಇನ್ನೂ ಗಟ್ಟಿ. ಮೊದಲ 64 ಅವಿಭಾಜ್ಯಗಳು ಅದನ್ನು ಅಲುಗಿಸಲಾರವು. 65ನೆಯದಾದ 313 ಅದನ್ನು ಒಡೆಯುತ್ತದೆ: 313 × 1831. ಅರವತ್ತನಾಲ್ಕು ಬಾರಿ ಭಾಗಿಸಿ ದಣಿದು ಕೈಬಿಟ್ಟವನು ಅದನ್ನು ಅವಿಭಾಜ್ಯವೆಂದೇ ತಿಳಿದಾನು!

ಹಾಗಾದರೆ ಎಲ್ಲಿಯವರೆಗೆ ಭಾಗಿಸಬೇಕು? ವರ್ಗಮೂಲದವರೆಗೆ. ಒಂದು ಸಂಖ್ಯೆಯು ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ, ಆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲಾರವು. 573119ನ್ನು ತೆಗೆದುಕೊಳ್ಳಿ. ಅದರ ವರ್ಗಮೂಲ 757ಕ್ಕಿಂತ ತುಸು ಹೆಚ್ಚು. 757ರವರೆಗೆ ಇರುವ ಅವಿಭಾಜ್ಯಗಳು 134. ಅವೆಲ್ಲವುಗಳಿಂದಲೂ ಭಾಗಿಸಿ ನೋಡಿದೆನು. ಪ್ರತಿ ಬಾರಿಯೂ ಶೇಷ ಉಳಿಯಿತು. ಅದು ಅವಿಭಾಜ್ಯವೆಂಬುದಕ್ಕೆ ಇನ್ನು ಬೇರೆ ಪ್ರಮಾಣ ಬೇಕಿಲ್ಲ.

ಹೆಸರಾಂತವರ ಮಾತೂ ಈ ಪರೀಕ್ಷೆಗೆ ಹೊರತಲ್ಲ. 2ರ 67ನೆಯ ಘಾತದಿಂದ 1ನ್ನು ಕಳೆದರೆ 21 ಅಂಕಿಗಳ ಸಂಖ್ಯೆ ಬರುತ್ತದೆ. ಅದು ಅವಿಭಾಜ್ಯವೆಂದು ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ ಮರ್ಸೆನ್ 1644ರಲ್ಲಿ ಬರೆದನು. ಅದು ಒಡೆಯುತ್ತದೆಂದು 1876ರಲ್ಲಿ ಲ್ಯೂಕಾ ಸಾಧಿಸಿದನು. ಆದರೆ ಅಪವರ್ತನಗಳು ಅವನಿಗೆ ದೊರೆಯಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಅವುಗಳನ್ನು ಮುಂದಿಟ್ಟನು: 193707721 × 761838257287.

2024ರ ಅಕ್ಟೋಬರಿನಲ್ಲಿ ಪ್ರಕಟವಾದ ಒಂದು ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಅದನ್ನು ಕೈಯಿಂದ ಭಾಗಿಸಿ ಮುಗಿಸಲು ಯಾರಿಂದಲೂ ಆಗದು. ಲ್ಯೂಕಾನ ವಿಧಾನದಿಂದ ಬೆಳೆದುಬಂದ ಪರೀಕ್ಷೆಯನ್ನು ಗಣಕಯಂತ್ರಗಳು ಮತ್ತೆ ಮತ್ತೆ ನಡೆಸಿದ ಮೇಲೆಯೇ ಅದನ್ನು ಲೋಕಕ್ಕೆ ಸಾರಲಾಯಿತು.

ಸಂಖ್ಯೆಯ ರೂಪವಾಗಲಿ ಹೇಳಿದವರ ಹಿರಿಮೆಯಾಗಲಿ ಇಲ್ಲಿ ಸಾಕ್ಷಿಯಾಗದು. ಸಾಕ್ಷಿ ಹೇಳಬೇಕಾದದ್ದು ಶೇಷ. ಆ ಸಾಕ್ಷಿಯನ್ನು ವಿಚಾರಿಸುವ ಅಧಿಕಾರ ಕಾಗದ, ಪೆನ್ಸಿಲು, ತಾಳ್ಮೆ ಉಳ್ಳ ಎಲ್ಲರಿಗೂ ಇದೆ. 573119ರ ವಿಷಯದಲ್ಲಿ ನನ್ನ ಮಾತನ್ನೂ ನೀವು ಸುಮ್ಮನೆ ನಂಬಬೇಕಾಗಿಲ್ಲ. 134 ಭಾಗಾಕಾರಗಳನ್ನು ನೀವೇ ಮಾಡಿ ನೋಡಬಹುದು.