ಬಿದ್ದ ಹೂವು, ಕಿತ್ತ ಗೂಡು

ಚೈತ್ರ ಮಾಸ ಬಂತೆಂದರೆ ನಮ್ಮ ಸಮಾಜದ ಮನೆಮನೆಗಳಲ್ಲೂ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಪರೀಕ್ಷೆಗಳು ಮುಗಿದವು, ಬಿಸಿಲು ಏರುತ್ತಿದೆ, ಈ ಚಿಕ್ಕ ಮಕ್ಕಳನ್ನು ಮನೆಯಲ್ಲಿ ಹಿಡಿದು ಕೂರಿಸುವುದು ಹೇಗೆ? ಹೀಗೆ ಕೇಳಿದ ಹೊಸಪೇಟೆಯ ಕೆಲವು ತಾಯಂದಿರ ಒತ್ತಾಯಕ್ಕೆ ಮಣಿದು, ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ ನಿವೃತ್ತಳಾಗಿದ್ದ ನಾನು, ಕೆಲವು ವರ್ಷಗಳ ಹಿಂದೆ ಐದರಿಂದ ಒಂಬತ್ತು ವರ್ಷದೊಳಗಿನ ಹದಿನಾಲ್ಕು ಮಕ್ಕಳಿಗೆ ಒಂದು ಪುಟ್ಟ ವಸಂತ ಶಿಬಿರವನ್ನು ನಡೆಸಲು ಒಪ್ಪಿಕೊಂಡೆನು. ಯುಗಾದಿಯ ಮರುದಿನದಿಂದ ಮಹಾವೀರ ಜಯಂತಿಯವರೆಗೆ, ಬೆಳಿಗ್ಗೆ ಏಳರಿಂದ ಒಂಬತ್ತೂವರೆಯವರೆಗೆ ಎಂದು ಗೊತ್ತಾಯಿತು. ಆ ಶಿಬಿರದಲ್ಲಿ ಮಕ್ಕಳು ಕಲಿತದ್ದಕ್ಕಿಂತ ನಾನು ಕಲಿತದ್ದೇ ಹೆಚ್ಚು; ಅದೂ ನನ್ನದೇ ಒಂದು ತಪ್ಪಿನ ಮೂಲಕ. ತಪ್ಪನ್ನು ಮುಚ್ಚಿಟ್ಟು ಉಪದೇಶವನ್ನಷ್ಟೇ ಬರೆಯುವುದು ಆಲೋಚನೆ, ಪ್ರತಿಕ್ರಮಣಗಳನ್ನು ನಿತ್ಯದ ನಡೆಯಾಗಿ ಕಲಿಸಿದ ಧರ್ಮಕ್ಕೆ ಒಪ್ಪುವುದಿಲ್ಲವಾದ್ದರಿಂದ ನಡೆದದ್ದನ್ನು ನಡೆದಂತೆಯೇ ಇಲ್ಲಿ ನಿವೇದಿಸುತ್ತಿದ್ದೇನೆ.

ಮಕ್ಕಳ ಕೈಗೆಲಸವೆಂದರೆ ಹೊತ್ತು ಕಳೆಯುವ ಆಟವೆಂದು ಅನೇಕರು ತಿಳಿದಿದ್ದಾರೆ. ನಮ್ಮ ಪರಂಪರೆ ಹಾಗೆ ತಿಳಿದಿರಲಿಲ್ಲ. ಕಲ್ಪವೃಕ್ಷಗಳು ಮರೆಯಾಗಿ ಜನರು ಬದುಕುವ ಬಗೆಯರಿಯದೆ ಕಂಗೆಟ್ಟಾಗ ಭಗವಾನ್ ಆದಿನಾಥರು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಬೋಧಿಸಿದರು. ಶಿಲ್ಪವೆಂದರೆ ಕೈಯ ಕೆಲಸವೇ. ಅದು ವಿದ್ಯೆಯ ಪಂಕ್ತಿಯಲ್ಲಿಯೇ ಕುಳಿತಿದೆ. ತಮ್ಮ ಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಅವರೇ ಕಲಿಸಿದರೆಂಬ ಕಥೆಯನ್ನು ಜಿನಸೇನಾಚಾರ್ಯರ ಪುರಾಣದಿಂದಲೂ, ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ‘ಆದಿಪುರಾಣ’ದಿಂದಲೂ ನಾವೆಲ್ಲ ಬಲ್ಲೆವು. ತಂದೆಯ ಬಳಿಯಲ್ಲಿ ಕುಳಿತ ಎರಡು ಮಕ್ಕಳೇ ನಮ್ಮ ಮೊದಲ ಪಾಠಶಾಲೆ. ಈ ಕಥೆಯಿಂದಲೇ ಶಿಬಿರವನ್ನು ಆರಂಭಿಸಬೇಕೆಂದು ನಾನು ಸಂಕಲ್ಪಿಸಿದ್ದೆ.

ಶಿಬಿರಕ್ಕೆ ದೊರೆತ ಸ್ಥಳ ಮಲಪನಗುಡಿ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿರುವ ಈ ಗ್ರಾಮದಲ್ಲಿ ಮಲ್ಲಿಕಾರ್ಜುನ ದೇವಾಲಯವಿದೆ, ವಿಜಯನಗರ ಕಾಲದ ಕಲ್ಲುಕಟ್ಟಡದ ದೊಡ್ಡ ಬಾವಿಯಿದೆ, ಸುತ್ತಲೂ ಬಾಳೆ, ಕಬ್ಬು, ಭತ್ತಗಳ ಹಸಿರಿದೆ. ಪರಿಚಿತರೊಬ್ಬರು ತಮ್ಮ ತೋಟದ ಮನೆಯ ಕಟ್ಟೆಯನ್ನು ನಮಗೆ ಬಿಟ್ಟುಕೊಟ್ಟರು. ಆ ಕಟ್ಟೆಯ ಮೇಲೆ ಹೊಂಗೆಯ ನೆರಳು. ವಸಂತದಲ್ಲಿ ಹೊಂಗೆಯ ಹೂವು ರಾತ್ರಿಯೆಲ್ಲ ಉದುರಿ, ಬೆಳಿಗ್ಗೆ ನೋಡಿದರೆ ನೆಲವೆಲ್ಲ ಅರಳು ಚೆಲ್ಲಿದಂತೆ ಕಾಣುತ್ತಿತ್ತು. ಬೇವು ಹೂಬಿಟ್ಟಿತ್ತು. ಜಾಲಿಯ ಮರವೊಂದರಲ್ಲಿ ಹಿಂದಿನ ಮಳೆಗಾಲದ ಗೀಜಗನ ಗೂಡುಗಳು ಬಣ್ಣ ಮಾಸಿ ತೂಗಾಡುತ್ತಿದ್ದವು.

ಆ ಗೂಡುಗಳೇ ನನ್ನ ತಪ್ಪಿಗೆ ಮೂಲವಾದವು. ಎರಡನೆಯ ದಿನ ಮಕ್ಕಳಿಗೆ ಗೀಜಗನ ನೇಯ್ಗೆಯ ವಿಷಯ ಹೇಳಿದೆ. ಗಂಡುಹಕ್ಕಿಯೇ ಗೂಡು ನೇಯುತ್ತದೆ, ಹುಲ್ಲು ಗರಿಗಳ ಎಳೆಗಳನ್ನು ಸೀಳಿ ತಂದು ಕೊಕ್ಕಿನಿಂದಲೇ ಗಂಟು ಹಾಕುತ್ತದೆ, ಮಳೆಗಾಲ ಕಳೆದ ಮೇಲೆ ಆ ಗೂಡು ಬರಿದಾಗುತ್ತದೆ ಎಂದು ವಿವರಿಸಿದೆ. ಮಕ್ಕಳು ಬೆರಗಾಗಿ ಕೇಳಿದರು. ಆ ಉತ್ಸಾಹದಲ್ಲಿ ನಾನು, “ನಾಳೆ ಯಾರಿಗಾದರೂ ತೂಗುವ ಗೂಡು ಸಿಕ್ಕರೆ ತನ್ನಿ, ನೋಡಿಕೊಂಡು ನಾವೂ ಬಾಳೆನಾರಿನಲ್ಲಿ ನೇಯೋಣ” ಎಂದುಬಿಟ್ಟೆ. ಹಳೆಯದು, ಬರಿದಾದದ್ದು, ನೆಲಕ್ಕೆ ಬಿದ್ದದ್ದು ಎಂಬ ಮೂರು ಮಾತುಗಳು ನನ್ನ ಮನಸ್ಸಿನಲ್ಲಿದ್ದವು; ಬಾಯಿಗೆ ಬರಲಿಲ್ಲ.

ಮರುದಿನ ಏಳು ವರ್ಷದ ಬಾಲಕನೊಬ್ಬ ಎರಡೂ ಅಂಗೈಗಳಲ್ಲಿ ಒಂದು ಚೀಲದಂತಹ ವಸ್ತುವನ್ನು ಹಿಡಿದು ಓಡಿಬಂದನು. ನಾನು ಬೇರೆ ಮಗುವಿನ ಕಾಗದ ಮಡಿಸುತ್ತಿದ್ದವಳು, ಸರಿಯಾಗಿ ನೋಡದೆಯೇ, “ಭೇಷ್! ಎಲ್ಲರಿಗಿಂತ ಮೊದಲು ನೀನೇ ತಂದೆ” ಎಂದೆ. ಅವನು ಹಿಗ್ಗಿ ಅದನ್ನು ನನ್ನ ಮುಂದೆ ಹಿಡಿದನು. ಅದು ಗೀಜಗನದಲ್ಲ. ಜೇಡರ ಬಲೆಯ ನೂಲು, ನಾರು, ತೊಗಟೆಯ ಚೂರುಗಳಿಂದ ಕಟ್ಟಿದ, ಪಕ್ಕದಲ್ಲಿ ಬಾಗಿಲೂ ಅದರ ಮೇಲೆ ಸಣ್ಣ ಸೂರೂ ಇದ್ದ ಸೂರಕ್ಕಿಯ ಗೂಡು. ಸೂರಕ್ಕಿ ಬೇಸಿಗೆಯ ಈ ದಿನಗಳಲ್ಲಿಯೇ, ಮನೆಯ ಹತ್ತಿರದ ಕೈಗೆಟಕುವ ಕೊಂಬೆಗಳಲ್ಲಿಯೇ ಗೂಡು ಕಟ್ಟುತ್ತದೆಂಬುದನ್ನು ಬಲ್ಲ ನಾನು ಅದನ್ನು ಮಕ್ಕಳಿಗೆ ಹೇಳಿರಲಿಲ್ಲ.

“ಟೀಚರ್, ಇದ್ರಾಗ ಏನೋ ಐತ್ರಿ” ಎಂದು ಬಾಗಿಲಲ್ಲಿ ಇಣುಕಿದ ಅವನು, ಒಡನೆಯೇ ಸಣ್ಣ ದನಿಯಲ್ಲಿ, “ತತ್ತಿ ಅದಾವ್ರಿ” ಎಂದನು. ಎರಡು ತತ್ತಿಗಳು. ಒಂದು ಆಗಲೇ ಬಿರುಕುಬಿಟ್ಟಿತ್ತು.

ಪಾಠವನ್ನು ನಿಲ್ಲಿಸಿ ಅವನೊಂದಿಗೆ ಅವರ ಮನೆಗೆ ಹೋದೆ. ಹಿತ್ತಲ ದಾಸವಾಳದ ಅದೇ ಕೊಂಬೆಗೆ ಹತ್ತಿಯ ದಾರದಿಂದ ಗೂಡನ್ನು ಕಟ್ಟಿ ದೂರ ನಿಂತೆವು. ಹಕ್ಕಿಗಳೆರಡೂ ಬಂದವು, ಸುತ್ತಲೂ ಹಾರಿ ಕೂಗಿದವು, ಒಳಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಬರಲೇ ಇಲ್ಲ. ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಒಂದೇ: “ಟೀಚರ್, ನನಗ ಪಾಪ ಬರ್ತೈತೇನ್ರಿ?”

ಈ ಪ್ರಶ್ನೆಗೆ ಉತ್ತರ ಹೇಳಲು ಹಿರಿಯರು ಇಬ್ಬರಿದ್ದರು. ಒಬ್ಬರು, “ಮಗು ತಿಳಿಯದೆ ಮಾಡಿದ್ದು, ಮರೆಯಿರಿ, ಅವನ ಮುಂದೆ ಈ ವಿಷಯ ಎತ್ತಬೇಡಿ” ಎಂದರು. ಇನ್ನೊಬ್ಬರು, “ಹೂವು, ಎಲೆ, ಹಕ್ಕಿಗಳ ಗೊಡವೆಯೇ ಬೇಡ, ಕೂರಿಸಿ ಸ್ತೋತ್ರಗಳನ್ನು ಬಾಯಿಪಾಠ ಮಾಡಿಸಿ” ಎಂದರು. ಇಬ್ಬರ ಮಾತಿನಲ್ಲಿಯೂ ವಾತ್ಸಲ್ಯವಿತ್ತು. ಆದರೆ ಮೊದಲನೆಯದು ಮಗುವಿನ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. ಎರಡನೆಯದು ಮಗುವಿನ ಕೈಗಳನ್ನು ಕಟ್ಟಿಹಾಕುತ್ತಿತ್ತು. ಕಟ್ಟಿದ ಕೈ ಎಚ್ಚರವನ್ನು ಕಲಿಯಲಾರದು.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ‘ತತ್ತ್ವಾರ್ಥಸೂತ್ರ’ವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೇಳುತ್ತದೆ. ಕೃತ, ಕಾರಿತ, ಅನುಮೋದಿತ, ಅಂದರೆ ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಎಂಬ ಮೂರನ್ನೂ ಕರ್ಮಕ್ಕೆ ದ್ವಾರವೆಂದು ಎಣಿಸುತ್ತದೆ. ಗೂಡನ್ನು ಕಿತ್ತದ್ದು ಹುಡುಗ. ಕೀಳಿಸಿದ್ದು ನಾನು. ‘ಭೇಷ್’ ಎಂದು ಅನುಮೋದಿಸಿದ್ದೂ ನಾನು. ಮೂರರಲ್ಲಿ ಎರಡು ಪಾಲು ಗುರುವಿನ ಪೀಠದಲ್ಲಿ ಕುಳಿತವಳದ್ದಾಗಿತ್ತು.

ನಾಲ್ಕನೆಯ ದಿನ ಮಕ್ಕಳನ್ನೂ, ಬಂದಿದ್ದ ತಾಯಿತಂದೆಯರನ್ನೂ ಕೂರಿಸಿಕೊಂಡು ಇದನ್ನೇ ಹೇಳಿದೆ. ಹುಡುಗನಿಗೆ, “ನೀನು ನೋಡದೆ ಕಿತ್ತೆ, ಅದು ತಪ್ಪು. ನಾನು ಯೋಚಿಸದೆ ಹೇಳಿದೆ, ನೋಡದೆ ಹೊಗಳಿದೆ, ಅದು ಇನ್ನೂ ದೊಡ್ಡ ತಪ್ಪು. ಇಬ್ಬರೂ ಕೂಡಿ ಕ್ಷಮೆ ಕೇಳೋಣ, ಇನ್ನು ಮುಂದೆ ನೋಡಿ ಮುಟ್ಟೋಣ” ಎಂದೆ. ಎಲ್ಲರೂ ಕೈಮುಗಿದು ಮಿಚ್ಛಾಮಿ ದುಕ್ಕಡಂ ಎಂದರು. ಅವನ ಮುಖದ ಮೇಲಿನ ಭಯ ಅಂದು ಸ್ವಲ್ಪ ಇಳಿಯಿತು. ಶಿಕ್ಷಕಿಯೂ ತಪ್ಪುತ್ತಾಳೆ, ತಪ್ಪಿದಾಗ ಒಪ್ಪಿಕೊಳ್ಳುತ್ತಾಳೆ ಎಂಬುದು ಮಕ್ಕಳಿಗೆ ಹೊಸ ಪಾಠವಾಗಿತ್ತೆಂದು ತೋರುತ್ತದೆ.

ಆಮೇಲೆ ಶಿಬಿರದ ಕ್ರಮವನ್ನೇ ಬದಲಿಸಿದೆ. ಮುನಿಗಳಿಗೆ ಹೇಳಿದ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿಯೊಂದಿದೆ. ವಸ್ತುವನ್ನು ನೋಡಿ ಎತ್ತಬೇಕು, ನೋಡಿ ಇಡಬೇಕು ಎಂಬುದು ಅದರ ಸಾರ. ಅದನ್ನೇ ಮಕ್ಕಳ ಭಾಷೆಗೆ ಇಳಿಸಿ ಮೂರು ನಿಯಮಗಳನ್ನು ಮಾಡಿದೆವು. ಬಿದ್ದದ್ದನ್ನೇ ಆರಿಸಬೇಕು. ಎತ್ತುವ ಮುನ್ನ ತಿರುಗಿಸಿ ನೋಡಬೇಕು. ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು. ಮುನಿಗಳ ಪಿಂಛಿಯೂ ನವಿಲು ತಾನಾಗಿ ಉದುರಿಸಿದ ಗರಿಗಳದೇ ಎಂದು ಹೇಳಿದಾಗ ಮಕ್ಕಳಿಗೆ ಈ ನಿಯಮಗಳು ಹೊರೆಯೆನಿಸಲಿಲ್ಲ.

ಇತರ ಊರುಗಳ ಬಂಧುಗಳಿಗೆ ಉಪಯೋಗವಾದೀತೆಂದು ನಾವು ಮಾಡಿದ ಕೆಲಸಗಳಲ್ಲಿ ಕೆಲವನ್ನು ಬರೆಯುತ್ತೇನೆ. ಹೊಂಗೆಯ ಉದುರು ಹೂಗಳನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ, ಇರುವೆಗಳು ಹೊರಟುಹೋಗುವವರೆಗೆ ಕಾದು, ಅನಂತರ ಅವುಗಳಿಂದ ಕಟ್ಟೆಯ ಮೇಲೆ ಸ್ವಸ್ತಿಕ ಬರೆದೆವು. ಆ ಕಾಯುವ ಹತ್ತು ನಿಮಿಷವೇ ಚಿಕ್ಕವರಿಗೆ ಎಲ್ಲಕ್ಕಿಂತ ಕಠಿನವಾದ ಪಾಠ. ಸಂಡೂರಿನ ಕಡೆಯಿಂದ ತರಿಸಿದ್ದ, ಫಾಲ್ಗುಣದಲ್ಲಿ ಉದುರಿ ಒಣಗಿದ ಮುತ್ತುಗದ ಹೂಗಳನ್ನು ಸೋಸಿದ ನೀರಿನಲ್ಲಿ ನೆನೆಹಾಕಿ ಕೇಸರಿ ಮಿಶ್ರಿತ ಹಳದಿಯನ್ನು ಪಡೆದೆವು. ಒಣ ಅರಿಶಿಣದ ಪುಡಿಗೆ ಸುಣ್ಣದ ತಿಳಿ ಸೇರಿಸಿದಾಗ ಹಳದಿ ಕೆಂಪಾದುದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಅಂಟಿಗೆ ಹುಣಸೆಬೀಜದ ಸರಿಯನ್ನೇ ಕಾಯಿಸಿದೆವು. ಕೊಪ್ಪಳದ ಬಳಿಯ ಕಿನ್ನಾಳದ ಆಟಿಕೆಗಳ ಕಸಬಿನವರೂ ಹುಣಸೆಬೀಜದ ಅಂಟನ್ನು ಬಳಸುತ್ತಾರೆ. ಅಂಟು, ಬಣ್ಣ, ಕುಂಚಗಳನ್ನು ಕೊಳ್ಳುವಾಗ ಅವು ಯಾವುದರಿಂದ ಆದವೆಂದು ಕೇಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಮೆ. ಪ್ರಾಣಿಗಳ ಮೂಳೆ ತೊಗಲುಗಳ ಅಂಟು, ಪ್ರಾಣಿಗಳ ರೋಮದ ಕುಂಚಗಳು ಪೇಟೆಯಲ್ಲಿವೆಯೆಂಬುದನ್ನು ಪಾಲಕರು ಮರೆಯಬಾರದು.

ನೀರು ಸೋಸುವ ಬಟ್ಟೆಯನ್ನು ಪ್ರತಿ ಮಗುವೂ ತಾನೇ ಹೊಲಿಯಿತು. ದಪ್ಪ ಹತ್ತಿಯ ಬಟ್ಟೆಯನ್ನು ಎರಡು ಪದರ ಮಡಿಸಿ, ಪಾತ್ರೆಯ ಬಾಯಿಗಿಂತ ಸಾಕಷ್ಟು ಅಗಲವಾಗುವಂತೆ ಅಳೆದು, ಅಂಚನ್ನು ಹೆಮ್ಮಿಂಗ್ ಹಾಕುವುದು. ಇದರಲ್ಲಿ ಅಳತೆ, ಹೊಲಿಗೆ, ದಯೆ ಮೂರೂ ಇವೆ. ತೋಟದ ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಮೆಲ್ಲಗೆ ಮರಳಿ ಅದೇ ಬಾವಿಗೆ ಇಳಿಸಿದೆವು. ಹಕ್ಕಿಗಳಿಗೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಸೊಳ್ಳೆಗಳು ಮೊಟ್ಟೆಯಿಡದಂತೆ ದಿನವೂ ತೊಳೆದು ಬದಲಿಸುವ ಪಾಳಿಯನ್ನು ಹಾಕಿಕೊಟ್ಟೆವು.

ಅಂಕದ ಪಾಠಕ್ಕೆ 108 ಹುಣಸೆಬೀಜಗಳು ಸಾಕಾದವು. ಸಂಕಲ್ಪ ಮಾಡುವುದು, ಸಾಧನ ಹೊಂದಿಸುವುದು, ಕೆಲಸಕ್ಕೆ ತೊಡಗುವುದು ಎಂದು 3. ಮನಸ್ಸು, ಮಾತು, ಕಾಯ ಎಂದು 3. ಕೃತ, ಕಾರಿತ, ಅನುಮೋದಿತ ಎಂದು 3. ಕ್ರೋಧ, ಮಾನ, ಮಾಯೆ, ಲೋಭ ಎಂದು 4. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳ ಲೆಕ್ಕಕ್ಕೆ ನಮ್ಮಲ್ಲಿ ಹೇಳುವ ಅರ್ಥಗಳಲ್ಲಿ ಇದೂ ಒಂದು. ಎಂಟು ಒಂಬತ್ತು ವರ್ಷದ ಮಕ್ಕಳು ಬೀಜಗಳನ್ನು ಸಾಲುಸಾಲಾಗಿ ಜೋಡಿಸಿ ತಾವೇ ಈ ಗುಣಾಕಾರವನ್ನು ಕಂಡುಕೊಂಡರು. ಕಾರಿತ, ಅನುಮೋದಿತಗಳ ಬೀಜಗಳನ್ನು ಬೇರೆ ಮಾಡಿ ಎಣಿಸಿದಾಗ 72 ಬಂದವು. ಆ ರಾಶಿಯನ್ನು ನಾನು ಬಹಳ ಹೊತ್ತು ನೋಡಿದೆ.

ಅಕ್ಷರದ ಪಾಠಕ್ಕೆ ಒಂದು ಬೆಳಿಗ್ಗೆ ಹಂಪಿ ಪರಿಸರದ ಗಾಣಗಿತ್ತಿ ಬಸದಿಗೆ ಹೋದೆವು. ಎರಡನೆಯ ಹರಿಹರನ ಕಾಲದಲ್ಲಿ ದಂಡನಾಯಕ ಇರುಗಪ್ಪನು ಹದಿನೇಳನೆಯ ತೀರ್ಥಂಕರರಾದ ಕುಂಥುನಾಥರಿಗಾಗಿ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನೆಂದು ಮುಂದಿನ ಕಂಬದ ಶಕ 1307ರ (ಕ್ರಿ.ಶ. 1385–86) ಶಾಸನ ತಿಳಿಸುತ್ತದೆ. ಕಲ್ಲನ್ನು ಮುಟ್ಟದೆ, ದೂರದಿಂದಲೇ ನೋಡಿ ಮಕ್ಕಳು ಕಂಬದ ಚಿತ್ರ ಬರೆದರು. ಕುಂಥುನಾಥರ ಲಾಂಛನವಾದ ಆಡಿನ ಚಿತ್ರವನ್ನೂ ಪಕ್ಕದಲ್ಲಿ ಬರೆದರು. ದಂಡನಾಯಕನಾಗಿದ್ದ ಅದೇ ಇರುಗಪ್ಪನು ಸಂಸ್ಕೃತದಲ್ಲಿ ನಿಘಂಟನ್ನೂ ರಚಿಸಿದವನೆಂದು ಹೇಳಿದಾಗ, ಅಸಿ ಮಸಿಗಳೆರಡೂ ಒಬ್ಬನಲ್ಲಿಯೇ ಇದ್ದವೆಂದು ಒಬ್ಬ ಬಾಲಕಿ ತಾನಾಗಿಯೇ ಗುರುತಿಸಿದಳು.

ಅಕ್ಷಯ ತೃತೀಯೆಯಂದು ಮಕ್ಕಳು ಮತ್ತೊಮ್ಮೆ ಸೇರಿದರು. ಆದಿನಾಥರಿಗೆ ಶ್ರೇಯಾಂಸರಾಜನು ಕಬ್ಬಿನ ರಸದ ಆಹಾರವಿತ್ತ ಪ್ರಸಂಗವನ್ನು ಅಭಿನಯಿಸಿದರು. ಗೂಡು ತಂದಿದ್ದ ಹುಡುಗ ರಸದ ಪಾತ್ರೆಯನ್ನು ಹಿಡಿದಿದ್ದನು. ಪಾತ್ರೆಯನ್ನು ಎತ್ತುವ ಮುನ್ನ ಅದರ ಕೆಳಗೆ ಬಗ್ಗಿ ನೋಡಿದನು. ಯಾರೂ ಹೇಳಿರಲಿಲ್ಲ.

ಮುಂದಿನ ವಸಂತದಲ್ಲಿ ಅವನ ತಾಯಿ ಒಂದು ಸಂಗತಿ ತಿಳಿಸಿದರು. ಅವರ ಹಿತ್ತಲಿನ ಬಟ್ಟೆ ಒಣಹಾಕುವ ತಂತಿಗೆ ಸೂರಕ್ಕಿ ಗೂಡು ಕಟ್ಟಿತ್ತಂತೆ. ಮರಿಗಳು ಹಾರಿಹೋಗುವವರೆಗೆ, ಸುಮಾರು ಒಂದು ತಿಂಗಳು, ಆ ತಂತಿಗೆ ಬಟ್ಟೆ ಹಾಕಲು ಅವನು ಯಾರನ್ನೂ ಬಿಡಲಿಲ್ಲವಂತೆ. ನನಗೆ ಸಂತೋಷವಾಯಿತು. ಆದರೂ ಹಿಂದಿನ ವರ್ಷದ ಎರಡು ತತ್ತಿಗಳ ಲೆಕ್ಕ ಇದರಿಂದ ತೀರಿತೆಂದು ನಾನು ಭಾವಿಸಿಲ್ಲ. ಪ್ರತಿಕ್ರಮಣಕ್ಕೆ ಕುಳಿತಾಗ ಅವು ಇಂದಿಗೂ ನೆನಪಾಗುತ್ತವೆ.

ನಮ್ಮ ಬಸದಿಗಳ ಟ್ರಸ್ಟಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಚೈತ್ರ ವೈಶಾಖಗಳಲ್ಲಿ ದಿನಕ್ಕೆ ಎರಡು ಗಂಟೆ ಬಸದಿಯ ಒಂದು ಜಗುಲಿಯನ್ನು ಚಿಕ್ಕ ಮಕ್ಕಳಿಗೆ ಬಿಟ್ಟುಕೊಡಿ. ಹೆಚ್ಚಿನ ಖರ್ಚಿಲ್ಲ, ಹತ್ತಿಯ ಬಟ್ಟೆ, ಹುಣಸೆಬೀಜ, ಹಳೆಯ ಕಾಗದ, ಉದುರಿದ ಹೂವು ಸಾಕು. ಬಹುಮಾನಗಳನ್ನು ಇಡಬೇಡಿ, ಎಲ್ಲರಿಗಿಂತ ಮೊದಲು ತಂದವನನ್ನು ಹೊಗಳುವ ಆತುರದಲ್ಲಿ ನಾನು ಏನು ಮಾಡಿದೆನೆಂಬುದನ್ನು ಮೇಲೆ ಹೇಳಿದ್ದೇನೆ. ಕಲಿಸಲು ನಿಲ್ಲುವವರು ತಮ್ಮ ಮಾತನ್ನು ಹಿಂದಿನ ರಾತ್ರಿಯೇ ಒಮ್ಮೆ ಸೋಸಿಕೊಳ್ಳಲಿ. ಇಂತಹ ಶಿಬಿರಗಳನ್ನು ನಡೆಸಿದ ಬಂಧುಗಳು ತಮ್ಮ ಅನುಭವಗಳನ್ನು, ತಪ್ಪುಗಳನ್ನೂ ಸೇರಿಸಿ, ಈ ಪತ್ರಿಕೆಗೆ ಬರೆದು ತಿಳಿಸಿದರೆ ನನ್ನಂತಹವರಿಗೆ ದೊಡ್ಡ ಉಪಕಾರವಾಗುವುದು.