ಮಧ್ಯದ ಒಂದೂಕಾಲು ಲಕ್ಷ

ಒಂದೇ ಥರದ ಹಳೇ ಕಾರಿಗೆ ಮೂರು ಬೆಲೆ ಇರುತ್ತೆ. ಡೀಲರ್ ಕೊಳ್ಳೋ ಬೆಲೆ ಒಂದು, ಡೀಲರ್ ಮಾರೋ ಬೆಲೆ ಇನ್ನೊಂದು. ಇವೆರಡರ ಮಧ್ಯೆ, ಓನರ್ ನೇರವಾಗಿ ಮಾರಿದರೆ ಸಿಗೋ ಬೆಲೆ. 2025ರ ಬೇಸಿಗೆಯಲ್ಲಿ ಈ ಮೂರನ್ನೂ ನಾನು ಒಂದೇ ವಾರದಲ್ಲಿ ನೋಡಿದೆ. 2017ರ ಪೆಟ್ರೋಲ್ ವ್ಯಾಗನ್‌ಆರ್‌ಗೆ ಡೀಲರ್ ಕೊಡ್ತೀನಿ ಅಂದಿದ್ದು 2.70 ಲಕ್ಷ. ಅದೇ ವರ್ಷದ, ಅದೇ ಮಾಡೆಲ್‌ನ ಗಾಡಿ ಶೋರೂಮಿನಲ್ಲಿ 3.95 ಲಕ್ಷಕ್ಕೆ ನಿಂತಿತ್ತು. ಮಧ್ಯದ ಒಂದೂಕಾಲು ಲಕ್ಷ ಯಾತಕ್ಕೆ ಅನ್ನೋದು ಅರ್ಥ ಆಗೋಕೆ ನನಗೆ ಏಳು ವಾರ ಹಿಡೀತು.

ನಾವಿರೋದು ಮೈಸೂರಿನ ಚಾಮರಾಜಪುರಂನಲ್ಲಿ. ನನ್ನ ಆಫೀಸಿಗೆ ಬೈಕ್ ಸಾಕು, ಕಾರು ಬೇಕಾಗಿದ್ದು ಅಪ್ಪನಿಗೆ. ಮಂಡಿ ಆಪರೇಷನ್ ಆದ ಮೇಲೆ ವಾರಕ್ಕೆ ಮೂರು ಸಲ ಫಿಸಿಯೋಥೆರಪಿ. ಆಟೋದಲ್ಲಿ ಕಾಲು ಮಡಚಿ ಕೂರೋಕೆ ಅವರು ಪಡೋ ಪಾಡು ನೋಡೋಕಾಗ್ತಿರಲಿಲ್ಲ. ವ್ಯಾಗನ್‌ಆರ್ ಸೀಟು ಎತ್ತರ, ಕುರ್ಚಿ ಮೇಲೆ ಕೂತ ಹಾಗೇ ಕೂರಬಹುದು. ಬಜೆಟ್ ಮೂರೂವರೆ ಲಕ್ಷ, ಎಳೆದರೆ ನಾಲ್ಕು.

ಮೊದಲು ಹೋಗಿದ್ದು ಡೀಲರ್ ಹತ್ತಿರ. ಸುಮ್ಮನೆ ಬೈಯೋಕೆ ಏನೂ ಇಲ್ಲ. ಗಾಡಿ ಫಳಫಳ ಅಂತಿತ್ತು. ಆರ್‌ಸಿ ಟ್ರಾನ್ಸ್‌ಫರ್, ಇನ್ಶೂರೆನ್ಸ್ ಎಲ್ಲ ಅವರೇ ಮಾಡಿಸ್ತಾರೆ, ಸಾಲ ಬೇಕಂದ್ರೆ ಅದೂ ಅಲ್ಲೇ. ಎರಡು ದಿನಕ್ಕೆ ಡೆಲಿವರಿ. ವಾರಂಟಿ ಪತ್ರ ಪೂರ್ತಿ ಓದಿದೆ: ಇಂಜಿನ್, ಗೇರ್‌ಬಾಕ್ಸ್ ಸೇರುತ್ತೆ, ಕ್ಲಚ್, ಬ್ರೇಕ್, ಬ್ಯಾಟರಿ, ಟೈರ್ ಸೇರಲ್ಲ. ಡೀಲರ್ ತನ್ನ ಮಾರ್ಜಿನ್ ಮೇಲೆ ಶೇ. 18 ಜಿಎಸ್‌ಟಿ ಕಟ್ಟಬೇಕು, ನಮ್ಮ ನಿಮ್ಮಂಥವರ ನಡುವಿನ ಮಾರಾಟಕ್ಕೆ ಅದಿಲ್ಲ. ಬೆಲೆಯಲ್ಲಿ ಅದೂ ಕೂತಿರುತ್ತೆ. "ಈ ಗಾಡಿ ಯಾರು ಓಡಿಸ್ತಿದ್ರು?" ಅಂತ ಕೇಳಿದೆ. "ಸಿಂಗಲ್ ಓನರ್ ಸರ್" ಅಂದರು. ಅದಕ್ಕಿಂತ ಜಾಸ್ತಿ ಅವರಿಗೂ ಗೊತ್ತಿರಲಿಲ್ಲ.

ಅದೇ ವಾರ, ಎರಡು ಕ್ರಾಸ್ ಆಚೆ ಒಂದು ಮನೆ ಮುಂದೆ ಕವರ್ ಹೊದ್ದು ನಿಂತಿದ್ದ ವ್ಯಾಗನ್‌ಆರ್ ಮಾರಾಟಕ್ಕಿದೆ ಅಂತ ಹಾಲಿನವರು ಹೇಳಿದರು. ಮನೆಯಲ್ಲಿ ಒಬ್ಬರೇ ಆಂಟಿ, ರಿಟೈರ್ಡ್ ಟೀಚರ್. ಯಜಮಾನರು ತೀರಿಕೊಂಡು ಎಂಟು ತಿಂಗಳಾಗಿತ್ತು. ಡ್ಯಾಶ್‌ಬೋರ್ಡ್ ಒಳಗೆ ಅವರ ಪುಟ್ಟ ಡೈರಿ: ಪೆಟ್ರೋಲ್ ಹಾಕಿಸಿದ ಪ್ರತಿ ದಿನ, ಕಿಲೋಮೀಟರ್, ಸರ್ವೀಸಿನ ಬಿಲ್ ನಂಬರ್. ಓಡಿದ್ದು 41,000 ಕಿ.ಮೀ. ಆಂಟಿ ಕೇಳದೆಯೇ ಹೇಳಿದರು: "ಎಡಗಡೆ ಬಾಗಿಲು ಗೇಟಿಗೆ ತಾಗಿಸಿದ್ರು, ಪೇಂಟ್ ಮಾಡ್ಸಿದೀವಿ ಕಣಪ್ಪ. ನೋಡ್ಕೊಂಡು ತಗೋ." ಡೀಲರ್ 2.70 ಹೇಳಿ ಹೋಗಿದ್ದು ಇದೇ ಗಾಡಿಗೆ.

ಮಾತು ನಂಬಿದರೂ ಗಾಡಿ ನೋಡಲೇಬೇಕಲ್ಲ. ಸಾವಿರ ರೂಪಾಯಿ ಕೊಟ್ಟು ಪರಿಚಯದ ಮೆಕ್ಯಾನಿಕ್‌ನ ಕರ್ಕೊಂಡು ಹೋದೆ. ಜೊತೆಗೆ ನನ್ನ ಹತ್ತಿರ ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಇತ್ತು. ಸ್ಟೀರಿಂಗ್ ಕೆಳಗೆ ಸಿಕ್ಕಿಸಿದರೆ ಇಂಜಿನ್ ಕಂಪ್ಯೂಟರಿನಲ್ಲಿರೋ ಎರರ್ ಕೋಡ್ ಮೊಬೈಲಿಗೆ ಬರುತ್ತೆ. ಇಲ್ಲೊಂದು ಗುಟ್ಟು: "ಎರರ್ ಇಲ್ಲ" ಅಂತ ಬಂದ ಮಾತ್ರಕ್ಕೆ ಖುಷಿಪಡಬೇಡಿ. ಮಾರೋ ಮುಂಚೆ ಯಾರಾದರೂ ಕೋಡ್ ಅಳಿಸಿದ್ದರೆ "ರೆಡಿನೆಸ್ ಮಾನಿಟರ್"ಗಳೂ ರೀಸೆಟ್ ಆಗಿ, ಒಂದಷ್ಟು ದಿನ "ನಾಟ್ ರೆಡಿ" ಅಂತ ತೋರಿಸುತ್ತವೆ. ನಮ್ಮ ಲಾಗ್ ಫೈಲ್ ಯಾರೋ ಡಿಲೀಟ್ ಮಾಡಿದ ಹಾಗೆ, ಲಾಗ್ ಖಾಲಿ ಇರೋದೇ ಸುಳಿವು. ಇಲ್ಲಿ ಎಲ್ಲ ರೆಡಿ ಇತ್ತು. ಟೈರಿನ ಬದಿಯಲ್ಲಿರೋ ನಾಲ್ಕಂಕಿ ನೋಡಿದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಎಲ್ಲ 2017ರವು. ಗ್ರಿಪ್ ಇತ್ತು, ಆದರೆ ರಬ್ಬರು ಎಂಟು ವರ್ಷ ಹಳೇದು, ಬದಲಾಯಿಸಲೇಬೇಕು. ಅದನ್ನ ಹೇಳಿದೆ, ಮಾತಾಡಿ 3.25 ಲಕ್ಷಕ್ಕೆ ಒಪ್ಪಿಕೊಂಡೆವು.

ಸಮಸ್ಯೆ ಇದ್ದದ್ದು ಕಾಗದದಲ್ಲಿ. ಆರ್‌ಸಿ ಇನ್ನೂ ಯಜಮಾನರ ಹೆಸರಲ್ಲೇ ಇತ್ತು.

ಗಾಡಿ ಕೆಎ-09, ಮೈಸೂರು ಪಶ್ಚಿಮ ಆರ್‌ಟಿಒ. ವಿಚಾರಿಸೋಕೆ ಹೋದಾಗ ಒಬ್ಬ ಬ್ರೋಕರ್ ಸಿಕ್ಕ. "ಫಾರಂ 29, 30ಕ್ಕೆ ಹಳೇ ಡೇಟ್ ಹಾಕಿ, ಸಹಿ ನಾನ್ ನೋಡ್ಕೋತೀನಿ. ಒಂದು ವಾರ ಸಾಕು" ಅಂದ. ಅಂದರೆ ತೀರಿಕೊಂಡವರ ಸಹಿ. ಆ ಡೈರಿಯಲ್ಲಿ ಅವರ ಅಕ್ಷರ ನೋಡಿದ ಮೇಲೆ ಅದಕ್ಕೆ ಒಪ್ಪೋಕೆ ನನಗಂತೂ ಆಗಲಿಲ್ಲ. ಅದು ಫೋರ್ಜರಿ, ಸಿಕ್ಕಿಬಿದ್ದರೆ ಆಂಟಿಯೂ ಸಿಕ್ಕಿಬೀಳ್ತಾರೆ.

ಸರಿಯಾದ ದಾರಿ ಉದ್ದ. ಮೊದಲು ಫಾರಂ 31ರಲ್ಲಿ ಗಾಡಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ಫಾರಂ 29, 30ರಲ್ಲಿ ಕೊಳ್ಳುವವರ ಹೆಸರಿಗೆ. ನಿಯಮದ ಪ್ರಕಾರ ಸಾವಾದ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳಲ್ಲಿ ಅರ್ಜಿ ಹಾಕಬೇಕಿತ್ತು. ಅದು ದಾಟಿದ್ದರಿಂದ ದಂಡ. ಮಗಳು ಶಿವಮೊಗ್ಗದಲ್ಲಿ, ಮಗ ಅಮೆರಿಕದಲ್ಲಿ. ಇಬ್ಬರ ಒಪ್ಪಿಗೆ ಅಫಿಡವಿಟ್ ಬೇಕು. ಮಗನದ್ದು ಅಲ್ಲಿನ ಭಾರತೀಯ ಕಾನ್ಸುಲೇಟ್ ದಾಟಿ ಬರಬೇಕು.

ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು, ಬಿಳಿ ಹಾಳೆಯಲ್ಲಿ ಬರೆದುಕೊಂಡೆವು: ಆಂಟಿ ಹೆಸರಿಗೆ ಆರ್‌ಸಿ ಬಂದ ಮೇಲೇ ಉಳಿದ ದುಡ್ಡು; ಎರಡು ತಿಂಗಳಲ್ಲಿ ಬಾರದಿದ್ದರೆ ಅಡ್ವಾನ್ಸ್ ವಾಪಸ್. ಗಾಡಿ ಅಲ್ಲೀತನಕ ಅವರ ಮನೆ ಮುಂದೆಯೇ. ಮನೆಯಲ್ಲಿ ಅಪ್ಪ ಸಿಡುಕಿದರು, "ಡೀಲರ್ ಹತ್ರಾನೇ ತಗೊಂಡುಬಿಡೋ. ಉಳಿಯೋ ದುಡ್ಡು ನನ್ನ ಮಂಡಿಗಿಂತ ದೊಡ್ಡದಾ?" ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಟೋ ಬಿಟ್ಟು ಕ್ಯಾಬ್ ಹಿಡಿಯೋಕೆ ಶುರು ಮಾಡಿದೆವು.

ಅಷ್ಟು ಹಟ ಯಾಕೆ ಅಂದರೆ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಹೊಣೆ ಅವರದ್ದು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದೇ ಇದು: ಗಾಡಿ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರಕ್ಕೆ ಹಳೇ ಓನರೇ ಹೊಣೆ. ನಾನೆಲ್ಲೋ ಗುದ್ದಿದರೆ ನೋಟಿಸ್ ಹೋಗೋದು ಆಂಟಿ ಮನೆಗೆ. ಇನ್ಶೂರೆನ್ಸೂ ಅಷ್ಟೇ. ಕೊಂಡ 14 ದಿನದೊಳಗೆ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಮಗೆ ಬರಲ್ಲ.

ಏಳನೇ ವಾರ ಗಾಡಿ ನಮ್ಮನೆಗೆ ಬಂತು. ಆಮೇಲೆ ಲೆಕ್ಕ ಹಾಕಿದೆ. ಟೈರ್ 14,000, ಇನ್ಶೂರೆನ್ಸ್ 6,500, ಕ್ಯಾಬ್ 4,500, ಫೀಸು-ದಂಡ-ಅಫಿಡವಿಟ್ 2,000, ಮೆಕ್ಯಾನಿಕ್ 1,000. ಒಟ್ಟು 28,000. ಆ ಒಂದೂಕಾಲು ಲಕ್ಷದಲ್ಲಿ ಆಂಟಿಗೆ 55,000 ಜಾಸ್ತಿ ಸಿಕ್ತು, ನನಗೆ 42,000 ಉಳೀತು. ನಾಲ್ಕು ಅರ್ಧ ದಿನದ ರಜೆ ಬೇರೆ. ಡೀಲರ್ ಮಾರ್ಜಿನ್ ಅಂದರೆ ಬರೀ ಲಾಭ ಅಲ್ಲ. ಈ ಓಡಾಟ, ಕಾಯೋದು, ಕೆಟ್ಟರೆ ಸರಿಮಾಡಿಸೋ ರಿಸ್ಕು, ಎಲ್ಲಾ ಅದರಲ್ಲಿದೆ. ನೇರವಾಗಿ ಕೊಂಡರೆ ಆ ಕೆಲಸ ಮಾಯ ಆಗಲ್ಲ, ನಮ್ಮ ತಲೆ ಮೇಲೆ ಬರುತ್ತೆ.

ಹಾಗಾಗಿ ರಜೆ ಸಿಗಲ್ಲ, ಗಾಡಿ ಅರ್ಜೆಂಟು, ಸಾಲ ಬೇಕು ಅಂದರೆ ಡೀಲರ್ ಹತ್ತಿರವೇ ಹೋಗಿ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಒ ಅಧಿಕೃತ ಪತ್ರ ಪಡೀಬೇಕು ಅನ್ನೋ ನಿಯಮ ಇದೆ. ಅದನ್ನ ಕೇಳಿ ನೋಡಿ. ಸಮಯ ಇದ್ದರೆ, ಮಾರುವವರ ಮನೆ ಬಾಗಿಲಿಗೆ ಹೋಗಿ ಮಾತಾಡಬಹುದಾದರೆ, ನೇರವಾಗಿ ಕೊಳ್ಳಿ. ಪರಿವಾಹನ್ ವೆಬ್‌ಸೈಟಿನಲ್ಲಿ ಬಾಕಿ ಚಲನ್, ಬ್ಯಾಂಕ್ ಸಾಲ ನೋಡೋದು ಮರೀಬೇಡಿ. ಸಾಲ ಇದ್ದರೆ ಫಾರಂ 35 ಇಲ್ಲದೆ ದುಡ್ಡು ಕೊಡಬೇಡಿ. ನನ್ನ ಅಂಕಿಗಳನ್ನ ಇವತ್ತಿನ ರೇಟ್ ಅಂತಲೂ ತಿಳೀಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೇದನ್ನೂ ಚೌಕಾಸಿ ಮಾಡಬಹುದು.

ಕೊನೆಗೊಂದು ಮಾತು. ಆರ್‌ಸಿಯಲ್ಲಿ ನಾಮಿನಿ ಹೆಸರು ಸೇರಿಸೋ ಅವಕಾಶ 2021ರಿಂದ ಇದೆ. ಹೆಸರಿದ್ದಿದ್ದರೆ ಆಂಟಿಗೆ ಓಡಾಟ ಎಷ್ಟೋ ಕಮ್ಮಿಯಾಗ್ತಿತ್ತು. ನಮ್ಮ ಗಾಡಿಯಲ್ಲಿ ಅಮ್ಮನ ಹೆಸರು ಹಾಕಿಸಿದೀನಿ. ನಿಮ್ಮ ಅಪ್ಪನ ಗಾಡಿಯಲ್ಲಿ ಯಾರ ಹೆಸರಿದೆ ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ.