ಕಲ್ಲು ಹೊತ್ತು ಹೈದರಾಬಾದಿಗೆ

1956ರ ನವೆಂಬರ್ 1ರಂದು ಬೀದರ ಸೀಮೆಯ ಕೊಹಿನೂರಿನವರ ರಾಜಧಾನಿ ಬದಲಾಯಿತು, ದವಾಖಾನೆ ಬದಲಾಗಲಿಲ್ಲ. ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನೌಕರಿಗೆ, ಮಂತ್ರಿಗಳಿಗೆ ಅರ್ಜಿ ಕೊಡುವುದಕ್ಕೆ ಬೆಂಗಳೂರಿನತ್ತ ಮುಖ ಮಾಡಿದ ಈ ಸೀಮೆ, ಉಚ್ಚೆ ಕಟ್ಟಿದಾಗ, ಸೊಂಟದ ಹಿಂದೆ ಕಲ್ಲಿನ ನೋವು ಎದ್ದಾಗ ಮಾತ್ರ ಇವತ್ತಿಗೂ ಹುಮನಾಬಾದಿಗೆ ಬಂದು ಹೈದರಾಬಾದಿನ ಬಸ್ಸು ಹತ್ತುತ್ತದೆ. ಈಗ ಕಲಬುರಗಿ, ಸೋಲಾಪುರ, ಬೀದರದಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿ ಮತ್ತು ಮೂತ್ರರೋಗಕ್ಕೆಂದೇ ಸರ್ಕಾರಿ ನೆಫ್ರೊ-ಯುರಾಲಜಿ ಸಂಸ್ಥೆ ಇದೆ. ಆದರೆ ಬೆಂಗಳೂರು ಎಂದರೆ ಒಂದಿಡೀ ರಾತ್ರಿಯ ದಾರಿ. ನೋವಿನಲ್ಲಿರುವವನಿಗೆ ರಾಜ್ಯದ ಗಡಿಗಿಂತ ಗಡಿಯಾರ ಮುಖ್ಯ. ಹುಮನಾಬಾದಿನಿಂದ ಹೈದರಾಬಾದು 150 ಕಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ.

ನನ್ನ ದೇಹದಲ್ಲಿ ಸದ್ಯಕ್ಕೆ ಯಾವ ಕಲ್ಲೂ ಇಲ್ಲ. ನಾನು ಹೊರಟದ್ದು ಬರೀ ಕುತೂಹಲಕ್ಕೆ. ಮನುಷ್ಯನ ಮೂತ್ರಕೋಶಕ್ಕೆ ಕೈಹಾಕಿ ಕಲ್ಲು ತೆಗೆಯುವ ವಿದ್ಯೆ ಈ ದಾರಿಯುದ್ದಕ್ಕೂ ಎಲ್ಲೆಲ್ಲಿ ನಿಂತು, ಹೇಗೆ ಬೆಳೆದು ಇವತ್ತಿನ ಯುರಾಲಜಿ ವಿಭಾಗವಾಯಿತು ಎಂದು ಕಣ್ಣಾರೆ ನೋಡುವ ಆಸೆ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಕೊಹಿನೂರ ಹೋಬಳಿಯವರೇ: ಪಟಗಾ ಸುತ್ತಿದ ಮುತ್ಯಾ, ಅವರ ನಲವತ್ತರ ಆಸುಪಾಸಿನ ಮಗ. ಮಗನ ತೊಡೆಯ ಮೇಲೆ ಎಕ್ಸ್-ರೇ ಲಕೋಟೆ.

"ಇವನಿಗ ಸ್ಟೆಂಟ್ ಹಾಕ್ಯಾರ ತಮ್ಮಾ, ಇವತ್ತ ತೆಗೀತಾರ" ಎಂದರು ಮುತ್ಯಾ.

ಮಗ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ಮುಚ್ಚಳ ತಿರುವಿದ. ತಳದಲ್ಲಿ ಹತ್ತಿ, ಹತ್ತಿಯ ಮೇಲೆ ತೊಗರಿ ಕಾಳಿನಷ್ಟು ದಪ್ಪದ ಒಂದು ಹರಳು. ಬೆಳಕಿಗೆ ಹಿಡಿದು ನೋಡಿದೆ. ಕಂದು ಬಣ್ಣ, ಮೈತುಂಬ ಸೂಕ್ಷ್ಮವಾದ ಮುಳ್ಳು, ಒಂದು ಬದಿಯಲ್ಲಿ ಒಡೆದ ಗುರುತು, ಒಡೆದಲ್ಲಿ ಪದರದ ಮೇಲೆ ಪದರ. "ಇಷ್ಟೇ ಇತ್ತು ನೋಡ್ರಿ ಅಣ್ಣಾರ. ಇದಕ್ಕ ನಾ ಅಂಗಳದಾಗ ಉರುಳಾಡಿನಿ" ಎಂದು ನಕ್ಕ. ಕಲ್ಲು ಹೋದ ಮೇಲೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳು ನಳಿಕೆ ಬಿಟ್ಟಿದ್ದಾರೆ. ಅದರ ಎರಡೂ ತುದಿ ಸುರುಳಿ ಸುತ್ತಿಕೊಂಡಿರುತ್ತದೆ, ಜಾರಬಾರದೆಂದು. ಎಕ್ಸ್-ರೇಯಲ್ಲಿ ಬೆನ್ನುಮೂಳೆಯ ಪಕ್ಕ ಅದು ಬಿಳಿ ಗೆರೆಯಾಗಿ ಕಂಡಿತು. ಹೇಳಿದ ದಿನಕ್ಕೆ ಹೋಗಿ ತೆಗೆಸದೆ ಮರೆತರೆ ಆ ನಳಿಕೆಯ ಮೇಲೆಯೇ ಹೊಸ ಕಲ್ಲು ಕಟ್ಟುತ್ತದೆ. ಮುತ್ಯಾ ಜೊತೆಗೆ ಹೊರಟದ್ದು ಅದಕ್ಕೇ. ಮಗನ ಮರೆವಿನ ಮೇಲೆ ಅವರಿಗೆ ಪೂರ್ಣ ಭರವಸೆ.

ಮನ್ನಾಎಖೇಳಿಯ ಕೂಡುರಸ್ತೆಯಲ್ಲಿ ಎಡಕ್ಕೆ ಬೀದರದ ದಾರಿ. ನಾವು ಆ ಕಡೆ ಹೊರಳಲಿಲ್ಲ, ಆದರೆ ಮನಸ್ಸು ಹೊರಳಿತು. 1436ರಿಂದ 1458ರವರೆಗೆ ಬೀದರದಿಂದ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಆ ಊರಲ್ಲಿ ಆಸ್ಪತ್ರೆ ಕಟ್ಟಿಸಿದ್ದ. ಔಷಧಿಗೂ ರೋಗಿಗಳ ಊಟಕ್ಕೂ ಹಳ್ಳಿಗಳ ಉತ್ಪನ್ನ ಬಿಟ್ಟುಕೊಟ್ಟು, ಹಕೀಮರನ್ನೂ ವೈದ್ಯರನ್ನೂ ಒಟ್ಟಿಗೆ ನೇಮಿಸಿದ್ದನೆಂದು ಚರಿತ್ರೆಕಾರ ಫರಿಶ್ತಾ ಬರೆದಿಟ್ಟಿದ್ದಾನೆ. ಆರು ಶತಮಾನದ ಹಿಂದೆ, ಇದೇ ಕೆಂಪು ನೆಲದಲ್ಲಿ! ಆಸ್ಪತ್ರೆಯ ಖರ್ಚಿಗೆ ಕಾಯಂ ಆದಾಯ ಕಟ್ಟಿಕೊಟ್ಟದ್ದು ನನಗೆ ಕಟ್ಟಡಕ್ಕಿಂತ ದೊಡ್ಡದಾಗಿ ಕಂಡಿತು. ಕಟ್ಟಡ ಕಟ್ಟಿಸಿ ಫಲಕ ಹಾಕಿಸುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ.

ಆ ವೈದ್ಯರ ಕೈಗೆ ಕಲ್ಲಿನ ರೋಗಿ ಬಂದರೆ ಏನು ಮಾಡುತ್ತಿದ್ದರು? ಹುರಳಿ ಕಟ್ಟು ಕುಡಿಸುವುದು, ಪಾಷಾಣಭೇದದ ಬೇರು ಅರೆದು ಕೊಡುವುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದದ್ದೇ. ಹಕೀಮರದು ಇನ್ನೂ ಸೋಜಿಗ: ಹಜ್ರುಲ್ ಯಹೂದ್ ಎಂಬ ಕಲ್ಲನ್ನು ಸುಟ್ಟು ಭಸ್ಮ ಮಾಡಿ ಕೊಡುತ್ತಾರೆ. ಅದು ಕಲ್ಲೇ ಅಲ್ಲ, ಯಾವುದೋ ಕಾಲದ ಸಮುದ್ರದ ಮುಳ್ಳುಜೀವಿಯ ಮುಳ್ಳು ಕಲ್ಲಾಗಿ ಉಳಿದದ್ದು. ಕಲ್ಲಿಗೆ ಕಲ್ಲೇ ಮದ್ದು.

ಮದ್ದಿಗೆ ಬಗ್ಗದ ಕಲ್ಲಿಗೆ ಕತ್ತಿ. ಸುಶ್ರುತ ಸಂಹಿತೆ ಇದನ್ನು ಎಷ್ಟು ಬಿಡಿಸಿ ಹೇಳುತ್ತದೆಂದರೆ ಓದುವಾಗ ಮೈ ಜುಮ್ಮೆನ್ನುತ್ತದೆ. ಗುದದ್ವಾರದಲ್ಲಿ ಬೆರಳಿಟ್ಟು ಕಲ್ಲನ್ನು ಮುಂದಕ್ಕೆ ಒತ್ತಿ ತರಬೇಕು, ಕೆಳಗಿನ ಮಧ್ಯರೇಖೆಯಿಂದ ಎಡಕ್ಕೆ ಒಂದು ಜವೆ ಕಾಳಿನಷ್ಟು ಬಿಟ್ಟು ಕೊಯ್ಯಬೇಕು, ಕೊಕ್ಕೆಯಿಂದ ಕಲ್ಲನ್ನು ಚೂರೂ ಉಳಿಯದಂತೆ ತೆಗೆಯಬೇಕು, ಉಳಿದ ಚೂರು ಮತ್ತೆ ಬೆಳೆಯುತ್ತದೆ. ಕೊನೆಯ ಮಾತನ್ನು ಇಂದಿನ ಯುರಾಲಜಿಸ್ಟರೂ ಹಾಗೇ ಹೇಳುತ್ತಾರೆ. ಇನ್ನೊಂದು ಕಟ್ಟಳೆ: ಶಸ್ತ್ರಕ್ರಿಯೆಗೆ ಮುಂಚೆ ರಾಜನ ಅಪ್ಪಣೆ ಪಡೆಯಬೇಕು. ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಬದುಕು ಅನುಮಾನ, ಅದಕ್ಕೆ. ಈಗ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದ ಮುತ್ತಜ್ಜ ಇದು ಎನ್ನಬಹುದೇನೋ. ಈಗ ರಾಜನ ಬದಲು ರೋಗಿ, ಮನೆಯವರು.

ಜಹೀರಾಬಾದು ದಾಟಿ ಬಸ್ಸು ಚಹಾಕ್ಕೆ ನಿಂತಿತು. ಮುತ್ಯಾ ಬಸಿಯಲ್ಲಿ ಚಹಾ ಸುರಿದುಕೊಂಡು ತಮ್ಮ ಕಾಕಾನ ಕತೆ ತೆಗೆದರು. "ರಜಾಕಾರ ಗದ್ದಲ ಮುಗಿದಿತ್ತು. ನಮ್ಮ ಕಾಕಾ ಆಗ ಇನ್ನಾ ಸಣ್ಣ ಹುಡುಗ. ಉಚ್ಚಿ ಹನಿ ಹನಿ, ಚೀರಾಟ. ಬಂಡಿ ಕಟ್ಟಿ ಹುಮನಾಬಾದ ತನಕ, ಅಲ್ಲಿಂದ ಸರ್ಕಾರಿ ಮೋಟಾರು. ಉಸ್ಮಾನಿಯಾ ದವಾಖಾನ್ಯಾಗ ಕೊಯ್ದು ಕಲ್ಲ ತೆಗದ್ರು. ಮುಂದ ಎಂಬತ್ತು ವರ್ಷದ ತನಕ ಒಕ್ಕಲುತನ ಮಾಡಿದಾ."

ಸಣ್ಣ ಹುಡುಗರ ಮೂತ್ರಕೋಶದ ಕಲ್ಲು! ಹಿಂದೆ ಈ ದೇಶದ ದವಾಖಾನೆಗಳಲ್ಲಿ ತುಂಬಿದ್ದದ್ದು ಇದೇ. ಬರೀ ಜೋಳ, ಅಕ್ಕಿ, ಗೋಧಿಯ ಮೇಲೆ ಬೆಳೆದ ಬಡ ಮಕ್ಕಳಿಗೆ ಹಾಲು ಮೊಟ್ಟೆ ಸಿಗದೆ ಮೂತ್ರಕೋಶದಲ್ಲೇ ಕಲ್ಲು ಕಟ್ಟುತ್ತಿತ್ತು. ಊಟ ಸುಧಾರಿಸಿದಂತೆ ಆ ರೋಗ ಸದ್ದಿಲ್ಲದೆ ಸರಿಯಿತು. ಈಗಿನದು ದೊಡ್ಡವರ ಕಲ್ಲು, ಕಿಡ್ನಿಯ ಕಲ್ಲು: ಬಿಸಿಲು, ಬೆವರು, ಕಡಿಮೆ ನೀರು, ಹೆಚ್ಚು ಉಪ್ಪು. ಎರಡೇ ತಲೆಮಾರಿನಲ್ಲಿ ಕಲ್ಲು ಮೂತ್ರಕೋಶದಿಂದ ಕಿಡ್ನಿಗೆ ಹತ್ತಿ ಕೂತದ್ದಕ್ಕೆ ಸಾಕ್ಷಿಯಾಗಿ ಒಂದೇ ಮನೆತನದ ಇಬ್ಬರು: ತೀರಿಹೋದ ಕಾಕಾ, ಪಕ್ಕದಲ್ಲಿ ಡಬ್ಬಿ ಹಿಡಿದ ಈ ಮಗ. ಕಾಕಾ ಹತ್ತಿದ ಮೋಟಾರಿಗೂ ಒಂದು ಚರಿತ್ರೆಯಿದೆ. ನಿಜಾಮರ ಸರ್ಕಾರ 1932ರಲ್ಲಿ 27 ಬಸ್ಸುಗಳಿಂದ ಶುರುಮಾಡಿದ ಸಾರಿಗೆ ಅದು.

ಹೈದರಾಬಾದಿನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ಮೂಸಿ ನದಿಯ ನಡುವೆಯೇ ಇದೆ. ಇಳಿದು ಕೆಲವು ಹೆಜ್ಜೆ ಹೋದರೆ ನದಿಯ ದಂಡೆಗೆ ಉಸ್ಮಾನಿಯಾದ ಗುಮ್ಮಟಗಳು. ಹಳ್ಳಿಯಿಂದ ಬಂದವನಿಗೆ ದಾರಿ ಕೇಳುವ ಕೆಲಸವೇ ಇಲ್ಲ. ಮುತ್ಯಾ ಮಗನನ್ನು ಮುಂದೆ ಬಿಟ್ಟುಕೊಂಡು ಹೊರರೋಗಿಗಳ ಸಾಲಿನ ಕಡೆ ನಡೆದರು. ನಾನು ಹಳೆಯ ಕಟ್ಟಡದ ಮುಂದೆ ಕತ್ತೆತ್ತಿ ನಿಂತೆ. ಇದು ದವಾಖಾನೆಯೋ ಅರಮನೆಯೋ! ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕಟ್ಟಿಸಿದ್ದು, ವಿನ್ಸೆಂಟ್ ಎಶ್ ವಿನ್ಯಾಸ ಮಾಡಿದ್ದು. ಎದುರು ದಂಡೆಯ ಹೈಕೋರ್ಟು, ಆಚೆಯ ಕಾಚಿಗುಡಾ ರೈಲು ನಿಲ್ದಾಣ ಕೂಡ ಅದೇ ಎಶ್‌ನ ಕೈಯವು. ಬಡವನ ಹುಣ್ಣು ತೊಳೆಯುವ ಜಾಗಕ್ಕೆ ಇಷ್ಟು ಗುಮ್ಮಟ, ಕಮಾನು, ಜಾಲರಿ ಬೇಕೆಂದು ಒಬ್ಬ ದೊರೆಗೆ ಅನ್ನಿಸಿತಲ್ಲ ಎಂಬುದೇ ನನ್ನ ಬೆರಗು.

ಈ ಜಾಗದಲ್ಲಿ ಮೊದಲಿದ್ದದ್ದು 1866ರ ಅಫ್ಜಲ್‌ಗಂಜ್ ಆಸ್ಪತ್ರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಅದನ್ನು ಕೊಚ್ಚಿಕೊಂಡು ಹೋಯಿತು. ನಗರದಲ್ಲಿ ಸತ್ತವರು ಸುಮಾರು 15,000 ಎನ್ನುತ್ತಾರೆ. ಆವರಣದ ಹುಣಸೆ ಮರ ಹತ್ತಿ ನೂರೈವತ್ತರಷ್ಟು ಜನ ಬದುಕಿದರು. ಆ ಮರ ಇನ್ನೂ ಇದೆ. ಕಾಂಡಕ್ಕೆ ಕೈಯಿಟ್ಟೆ, ಗಂಟು ಗಂಟಾದ ಒರಟು ತೊಗಟೆ, ಮೇಲೆ ಎಳೆ ಚಿಗುರು. ಪ್ರವಾಹದ ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ ಅವರ ಯೋಜನೆಯ ಫಲ. ನದಿಗೆ ಮೂಗುದಾರ ಬೀಳುತ್ತಿದ್ದ ಕಾಲದಲ್ಲೇ ಅದರ ದಂಡೆಗೆ ಇಂಥ ಆಸ್ಪತ್ರೆ ಎದ್ದು ನಿಂತದ್ದು. ಯುರಾಲಜಿಗೂ ಒಡ್ಡು ಕಟ್ಟುವವರಿಗೂ ಹೀಗೊಂದು ಸಂಬಂಧ!

ಆ ಹಳೆಯ ಆಸ್ಪತ್ರೆಯ ಕಾಲಕ್ಕೆ ಶಸ್ತ್ರವೈದ್ಯರೇನೂ ಕಡಿಮೆ ಇರಲಿಲ್ಲ. ಹೈದರಾಬಾದಿನ ವೈದ್ಯಕೀಯ ಶಾಲೆ ಶುರುವಾದದ್ದು 1846ರಲ್ಲಿ, ಪಾಠ ಉರ್ದುವಿನಲ್ಲಿ. ಅದರ ಮುಖ್ಯಸ್ಥನಾಗಿ ಬಂದ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಗೆ ಒಂದೇ ಹಠ: ಕ್ಲೋರೋಫಾರ್ಮ್ ಹೃದಯಕ್ಕೆ ಕೆಡುಕಲ್ಲ, ರೋಗಿಯ ಉಸಿರನ್ನು ನೋಡುತ್ತಿದ್ದರೆ ಸಾಕು. ಅದನ್ನು ಸಾಬೀತು ಮಾಡಲು 1888ರಲ್ಲಿ ಒಂದು ಆಯೋಗ, 1889ರಲ್ಲಿ ಇನ್ನೊಂದು. ಖರ್ಚು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಅವರದು. ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಹಡಗು ಹತ್ತಿ ಬಂದ. ಮುಂದೆ ನಿಜಾಮರ ಖಾಸಗಿ ವೈದ್ಯರಾಗಿ ಹೆಸರಾದ ಅರಸ್ತು ಯಾರ್ ಜಂಗ್, ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎನ್ನಿಸಿಕೊಂಡ ರೂಪಾ ಬಾಯಿ ಫರ್ದೂಂಜಿ ಈ ಗರಡಿಯವರೇ. ಲಾರಿಯ ಸಿದ್ಧಾಂತ ನಿಲ್ಲಲಿಲ್ಲ. ಕ್ಲೋರೋಫಾರ್ಮ್ ಹೃದಯವನ್ನು ದಿಢೀರನೆ ನಿಲ್ಲಿಸಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದ. ಆದರೂ ನನಗೆ ಲಾರಿಯ ಮೇಲೆ ಸಿಟ್ಟು ಬರುವುದಿಲ್ಲ. ಸಿದ್ಧಾಂತ ತಪ್ಪಾಗಿದ್ದರೂ ರೋಗಿಯ ಉಸಿರಿನ ಮೇಲೆ ಕಣ್ಣಿಡುವ ಅಭ್ಯಾಸ ಒಳ್ಳೆಯದೇ ಆಗಿತ್ತು.

ಅರಿವಳಿಕೆಗೂ ಕಲ್ಲಿಗೂ ಏನು ನಂಟು ಎಂದರೆ, ಎಲ್ಲ ನಂಟೂ ಅಲ್ಲೇ. ಅದಕ್ಕೆ ಮೊದಲು ಕಲ್ಲು ತೆಗೆಯುವವನ ದೊಡ್ಡಸ್ತಿಕೆ ವೇಗದಲ್ಲಿತ್ತು; ಹದಿನೆಂಟನೆಯ ಶತಮಾನದ ಲಂಡನ್ನಿನ ಚೆಸೆಲ್ಡನ್ ಒಂದು ನಿಮಿಷದೊಳಗೆ ಮುಗಿಸುತ್ತಿದ್ದನಂತೆ. ನಾಲ್ಕು ಜನ ಅಮುಕಿ ಹಿಡಿದ ರೋಗಿ ಅಷ್ಟಕ್ಕಿಂತ ಹೆಚ್ಚು ತಡೆಯುವುದಾದರೂ ಹೇಗೆ? ರೋಗಿ ನಿದ್ದೆಹೋದ ಮೇಲೆ ಸರ್ಜನ್ನನಿಗೆ ಸಮಯ ಸಿಕ್ಕಿತು, ಸಮಯ ಸಿಕ್ಕ ಮೇಲೆ ನಯ ಬಂತು. 1878ರಲ್ಲಿ ಬಾಸ್ಟನ್ನಿನ ಬಿಗೆಲೊ ಮೂತ್ರನಾಳದ ಮೂಲಕವೇ ಉಪಕರಣ ಇಳಿಸಿ, ಕಲ್ಲು ಪುಡಿಮಾಡಿ, ಒಂದೇ ಸಲಕ್ಕೆ ತೊಳೆದು ತೆಗೆಯುವ ವಿಧಾನ ತಂದ. ಅದನ್ನು ಪಳಗಿಸಿದ್ದು ನಮ್ಮ ದೇಶದ ಕಲ್ಲುಗಳು. ಸಣ್ಣ ಹುಡುಗರಿಗೆ ಇದು ಆಗದು ಎಂದು ಯುರೋಪಿನ ಪಂಡಿತರು ತಲೆಯಾಡಿಸುತ್ತಿದ್ದಾಗ ಇಂದೂರಿನ ಕೀಗನ್ ಮಾಡಿ ತೋರಿಸಿದ. ಉತ್ತರ ಭಾರತದಲ್ಲಿದ್ದ ಪೀಟರ್ ಫ್ರೇಯರ್ ರಾಂಪುರದ ನವಾಬರ ಕಲ್ಲು ತೆಗೆದು ಲಕ್ಷ ರೂಪಾಯಿಯ ಇನಾಮು ಪಡೆದು, ಸರ್ಕಾರದ ಕೆಂಗಣ್ಣಿಗೂ ಗುರಿಯಾದ. ಅವನೇ ಲಂಡನ್ನಿಗೆ ಮರಳಿ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆಗೆ ಜಗತ್ಪ್ರಸಿದ್ಧನಾದ. ಇಲ್ಲಿನ ಹಳ್ಳಿಗರ ಮೇಲೆ ಪಳಗಿದ ಕೈ ಅದು ಎಂಬುದನ್ನು ಮರೆಯಬಾರದು.

ಇವರೆಲ್ಲ ಕಣ್ಣು, ಮೂಳೆ, ಹೊಟ್ಟೆ ಎಲ್ಲವನ್ನೂ ನೋಡುತ್ತಿದ್ದವರು. ಮೂತ್ರರೋಗಕ್ಕೇ ಬೇರೆ ಸರ್ಜನ್, ಬೇರೆ ವಾರ್ಡು ಎಂಬುದು ನಮ್ಮಲ್ಲಿ ಬಹುಮಟ್ಟಿಗೆ ಸ್ವಾತಂತ್ರ್ಯದ ನಂತರದ ಬೆಳೆ. ಭಾರತದ ಮೂತ್ರರೋಗ ತಜ್ಞರ ಸಂಘ ಹುಟ್ಟಿದ್ದು 1961ರಲ್ಲಿ. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಿಡ್ನಿ ಕಸಿ ಯಶಸ್ವಿಯಾಯಿತು. ಕಲ್ಲಿನ ವಿಷಯದಲ್ಲಂತೂ ಹತ್ತೇ ವರ್ಷದಲ್ಲಿ ಲೋಕ ತಿರುಗಿತು. 1976ರಲ್ಲಿ ಸ್ವೀಡನ್ನಿನವರು ಬೆನ್ನಿನ ಸಣ್ಣ ತೂತಿನಿಂದ ಕಿಡ್ನಿಯ ಕಲ್ಲು ತೆಗೆದರು. 1980ರಲ್ಲಿ ಮ್ಯೂನಿಕ್‌ನಲ್ಲಿ ಕೊಯ್ಯದೆಯೇ, ಹೊರಗಿನಿಂದ ಆಘಾತ ತರಂಗ ಬಿಟ್ಟು ಒಡೆದರು. ಆ ಯಂತ್ರ ಮಾಡಿದ ಡಾರ್ನಿಯರ್ ವಿಮಾನದ ಕಂಪನಿ. ಶಬ್ದಕ್ಕಿಂತ ವೇಗದ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದವರಿಗೆ ಕಲ್ಲು ಒಡೆಯುವ ದಾರಿ ಸಿಕ್ಕಿತು! ಇಂದು ಉಸ್ಮಾನಿಯಾದ ಯುರಾಲಜಿ ವಿಭಾಗದಲ್ಲಿ ಎಂ.ಸಿಎಚ್. ಕಲಿಯುವವರಿದ್ದಾರೆ, ಕಿಡ್ನಿ ಕಸಿಯೂ ನಡೆಯುತ್ತದೆ.

ಮುತ್ಯಾನ ಸಾಲು ಮುಂದೆ ಹೋಗುವಷ್ಟರಲ್ಲಿ ನಾನು ನಯಾಪುಲ್ ದಾಟಿ, ಸಾಲಾರ್ ಜಂಗ್ ಮ್ಯೂಸಿಯಂ ಪಕ್ಕದಿಂದ ದಾರುಲ್‌ಶಿಫಾಕ್ಕೆ ಹೋಗಿಬಂದೆ. 1595ರಲ್ಲಿ ಮುಹಮ್ಮದ್ ಕುಲಿ ಕುತುಬ್ ಶಾಹ ಕಟ್ಟಿಸಿದ ಯುನಾನಿ ಆಸ್ಪತ್ರೆ ಮತ್ತು ಶಾಲೆ ಇದ್ದ ಮೊಹಲ್ಲಾ ಅದು. ಬೀದರದ ಆಸ್ಪತ್ರೆಯ ದಖನಿ ಸಂಬಂಧಿ. ಆ ಓಣಿಗಳಲ್ಲಿ ತಿರುಗಿದ್ದು ಸಾಕೆನಿಸದೆ ಚಾರ್‌ಮಿನಾರಿನ ಬದಿಯ ನಿಜಾಮಿಯಾ ಯುನಾನಿ ಆಸ್ಪತ್ರೆಯತನಕ ನಡೆದೆ. ಅಲ್ಲಿ ಇವತ್ತಿಗೂ ಹಕೀಮರು ನಾಡಿ ಹಿಡಿಯುತ್ತಾರೆ.

ಮರಳಿದಾಗ ಮುತ್ಯಾ ಹುಣಸೆ ಮರದ ಕೆಳಗೆ ಕೂತಿದ್ದರು, ಮಗ ಒಳಗೆ. ಸ್ಟೆಂಟು ತೆಗೆಯುವುದು ಕೆಲವೇ ನಿಮಿಷದ ಕೆಲಸ. ಜಾಗ ಮರಗಟ್ಟಿಸುವ ಜೆಲ್ಲಿ ಹಾಕಿ, ದುರ್ಬೀನು ಇಳಿಸಿ, ಚಿಮಟಿಗೆಯಿಂದ ಹಿಡಿದು ಎಳೆಯುತ್ತಾರೆ. ಹಳೆಯ ಕಟ್ಟಡಕ್ಕೆ ಯಾಕೆ ಬೀಗ ಎಂದು ಮುತ್ಯಾ ಕೇಳಿದರು. 2020ರ ಜುಲೈ ಮಳೆಗೆ ವಾರ್ಡುಗಳಲ್ಲಿ ನೀರು ನಿಂತು ರೋಗಿಗಳನ್ನು ಖಾಲಿ ಮಾಡಿಸಿದ್ದನ್ನು ಹೇಳಿದೆ. ಗೋಶಾಮಹಲ್‌ನಲ್ಲಿ ಹೊಸ ಉಸ್ಮಾನಿಯಾಕ್ಕೆ 2025ರ ಜನವರಿ 31ರಂದು ಅಡಿಗಲ್ಲು ಬಿದ್ದದ್ದನ್ನೂ ಹೇಳಿದೆ.

"ಅದು ಬಸ್ ಸ್ಟ್ಯಾಂಡಿನಿಂದ ನಡಕೊಂಡು ಹೋಗೋವಷ್ಟು ಸಮೀಪ ಅದ ಏನು ತಮ್ಮಾ?"

"ಇಲ್ಲ ಮುತ್ಯಾ, ಆಟೋ ಹಿಡೀಬೇಕಾಗ್ತದ."

"ಹಂಗಾದ್ರ ಆಟೋದವ ಎಷ್ಟ ತಗೋತಾನ ಕೇಳಿ ಇಡು" ಎಂದರು ಮುತ್ಯಾ. "ನಮ್ಮ ಮನ್ಯಾಗ ಇನ್ನೊಬ್ಬಾಂವ ನೀರು ಕಮ್ಮಿ ಕುಡೀತಾನ."